ಎರಡನೆಯ ಕಟ್ಟಿನ ಹಲಗೆ

ತಾರಸಿಯ ಮೇಲೆ ಹಲಸಿನ ಹಪ್ಪಳ ಮಗುಚಿ ಹಾಕುತ್ತಿದ್ದಾಗ ಮಣಿಪಾಲದಿಂದ ಫೋನ್ ಬಂತು. ಕೈಯೆಲ್ಲ ಎಣ್ಣೆ. ಬೆರಳಿನ ಗೆಣ್ಣಿನಿಂದ ಸ್ಪೀಕರ್ ಒತ್ತಿ ಫೋನನ್ನು ನೀರಿನ ಟ್ಯಾಂಕಿಯ ಕಟ್ಟೆಯ ಮೇಲಿಟ್ಟೆ. ಹಪ್ಪಳದ ಅಂಚು ಮೇಲೇಳುವ ಹೊತ್ತಿಗೇ ಮಗುಚಬೇಕು, ತಡವಾದರೆ ಚಾಪೆಗೆ ಅಂಟಿ ಹರಿದೇ ಏಳುವುದು. ಹಾಗಾಗಿ ಮಾತಾಡುತ್ತಲೇ ಕೈ ಆಡಿಸುತ್ತಿದ್ದೆ.

“ಅಕ್ಕ, ನಿಮ್ಮಲ್ಲಿ ತಾಳೆಗರಿ ಗ್ರಂಥ ಉಂಟಂತೆ, ಹೌದಾ?” ಎಂದು ಆ ಕಡೆಯವರು ಕೇಳಿದರು. ಹಳೆಯ ಗ್ರಂಥಗಳನ್ನು ಉಳಿಸುವ ಕೆಲಸ ಮಾಡುವ ಒಂದು ಕೇಂದ್ರದ ಮೇಡಂ ಅವರು. ಕಡಿಯಾಳಿ ದೇವಸ್ಥಾನದಲ್ಲಿ ನನ್ನ ಪಕ್ಕ ಕೂತು ಹೂ ಕಟ್ಟುವವರಲ್ಲಿ ಯಾರೋ ಹೇಳಿರಬೇಕು.

“ಉಂಟು. ಅತ್ತೆಯವರು ತವರಿನಿಂದ ತಂದದ್ದು. ಪೆಟ್ಟಿಗೆಯಲ್ಲಿ ಹಾಕಿ ದೇವರ ಕೋಣೆಯಲ್ಲಿ ಇಟ್ಟಿದ್ದೇನೆ.”

“ಬಾಲಿ ದ್ವೀಪದಿಂದ ಒಂದು ಹುಡುಗಿ ಬರ್ತಾಳೆ. ಓಲೆ ಕಾಪಾಡುವುದನ್ನೇ ಕಾಲೇಜಿನಲ್ಲಿ ಕಲಿಯುವವಳು. ನಮ್ಮಲ್ಲಿ ಎಂಟು ವಾರ ಇಂಟರ್ನ್‌ಶಿಪ್. ಒಂದು ಮನೆಯ ಒಂದು ಗ್ರಂಥವನ್ನು ಮೊದಲಿಂದ ಕೊನೆವರೆಗೆ ಅವಳೇ ಮಾಡಬೇಕು. ನಿಮ್ಮದನ್ನು ಕೊಡ್ತೀರಾ?”

“ಕೊಡ್ಲಿಕ್ಕೆ ಆಗುವುದಿಲ್ಲ ಮೇಡಂ. ಆ ಪೆಟ್ಟಿಗೆ ಹೊಸ್ತಿಲು ದಾಟಬಾರದು ಅಂತ ಅತ್ತೆ ಹೇಳಿ ಹೋಗಿದ್ದಾರೆ.”

ಅವರು ಬೇಸರ ಮಾಡಲಿಲ್ಲ. “ಹಾಗಾದ್ರೆ ಹುಡುಗಿಯೇ ನಿಮ್ಮ ಹೊಸ್ತಿಲು ದಾಟಿ ಬರಲಿ. ಅವಳಿಗೆ ಕನ್ನಡವೂ ಇಲ್ಲ, ತುಳುವೂ ಇಲ್ಲ. ನೀವೇ ಜೊತೆಗೆ ಕೂತು ಸ್ವಲ್ಪ ಕೈ ಜೋಡಿಸಿ.”

ಆಯಿತು ಎಂದೆ. ಹೊಸ್ತಿಲು ದಾಟಬಾರದು ಎನ್ನುವಾಗ ನನ್ನ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಆ ಪೆಟ್ಟಿಗೆಯಲ್ಲಿ ಮೊದಲು ಓಲೆಯ ಎರಡು ಕಟ್ಟುಗಳಿದ್ದವು. ಒಂದನ್ನು ಹೊಸ್ತಿಲು ದಾಟಿಸಿದವಳು ನಾನೇ. ಅದು ಆಗ ನೆನಪಿಗೂ ಬರಲಿಲ್ಲ. ಪುಣ್ಯದ ಕೆಲಸ ಎಂದು ಮಾಡಿದ್ದನ್ನು ಮನುಷ್ಯರು ಬೇಗ ಮರೆಯುತ್ತಾರೆ.

ಹುಡುಗಿ ಬಂದ ದಿನ ಯಾರೂ ಹೇಳದೆಯೇ ಅಂಗಳದ ನಳ್ಳಿಯಲ್ಲಿ ಕಾಲು ತೊಳೆದಳು. ದೇವರ ಕೋಣೆಯ ಎದುರು ಎರಡೂ ಕೈಯನ್ನು ಹಣೆಯವರೆಗೆ ಎತ್ತಿ ಮುಗಿದಳು. ಅವರೂ ದೇವರಿಗೆ ದಿನವೂ ಹೂವಿಡುವ ಜನ. ಓಲೆಗ್ರಂಥಕ್ಕೆ ಅವಳ ಊರಲ್ಲಿ ಲೋಂತಾರ್ ಎನ್ನುತ್ತಾರಂತೆ. ಸರಸ್ವತಿಯ ಹಬ್ಬದ ದಿನ ಅದನ್ನು ಓದುವ ಹಾಗಿಲ್ಲ, ಪೂಜಿಸಿ ಸುಮ್ಮನಿರಬೇಕಂತೆ. “ನಮ್ಮಲ್ಲಿಯೂ ನವರಾತ್ರಿಗೆ ಹಾಗೆಯೇ ಮಗಾ” ಎಂದೆ. ನನ್ನದು ಮಗಳಿಗೆ ಪಾಠ ಹೇಳಿಕೊಡುವಾಗ ಕಲಿತ ಇಂಗ್ಲಿಷು, ಅವಳದ್ದೂ ಕಟ್ಟಿ ಕಟ್ಟಿ ಆಡುವ ಇಂಗ್ಲಿಷು. ಇಬ್ಬರಿಗೂ ಅಷ್ಟಕ್ಕಷ್ಟೇ ಆದ್ದರಿಂದ ನಾಚಿಕೆ ಇರಲಿಲ್ಲ. ಅದು ದೇವರ ಮೊದಲ ದಯೆ. ನನ್ನನ್ನು ಅವಳು ಇಬು ಎಂದು ಕರೆಯತೊಡಗಿದಳು. ಅವರಲ್ಲಿ ತಾಯಿಯ ಸಮಾನರನ್ನು ಹಾಗೆ ಕರೆಯುವುದಂತೆ. ಅದು ಎರಡನೆಯ ದಯೆ.

ನನ್ನ ನಿಯಮಗಳನ್ನು ಹೇಳಿದೆ. ಸ್ನಾನ ಮಾಡದೆ ಮುಟ್ಟಬಾರದು, ತಿಂಗಳ ಮೂರು ದಿನ ಮುಟ್ಟಬಾರದು. ಅವಳು ನಕ್ಕಳು. “ಇಬು, ನನ್ನ ಅಜ್ಜಿ ಹೇಳಿದ್ದನ್ನೇ ನೀವು ಹೇಳ್ತಾ ಇದ್ದೀರಿ.” ಆದರೂ ನನಗೊಂದು ಅನುಮಾನ. ಮಣಿಪಾಲದ ಹಾಸ್ಟೆಲಿನಲ್ಲಿ ಮೀನು ತಿಂದು ಬರುವವಳು ಅವಳು. ಇವರು, ಅಂದರೆ ನನ್ನ ಯಜಮಾನರು, ಬಸ್ ಏಜೆಂಟರ ಆಫೀಸಿನಲ್ಲಿ ದಿನವಿಡೀ ನೂರು ಜನರೊಂದಿಗೆ ಮಾತಾಡುವವರು; ಅವರಿಗೆ ಎಲ್ಲವೂ ತಮಾಷೆ. “ಎಂತ ಮಾರಾಯ್ತಿ, ಓಲೆ ಬರೆದ ಅಜ್ಜನಿಗೆ ಬಂಗುಡೆ ವಾಸನೆ ತಾಗಿ ಎದ್ದು ಬಂದಾರು ಅಂತ ಹೆದರಿಕೆಯಾ?” ಎಂದರು. ಮರುದಿನ ಹುಡುಗಿ ಬದಲಿ ಬಟ್ಟೆ ತಂದು, ನಮ್ಮ ಬಚ್ಚಲಲ್ಲಿ ಮಿಂದು ಕೂತಳು. ನಾನು ಕೇಳಿರಲಿಲ್ಲ. ಆಮೇಲೆ ಪ್ರತಿದಿನವೂ ಹಾಗೆಯೇ.

ಪಡಸಾಲೆಯಲ್ಲಿ ಮೇಜು ಹಾಕಿ, ಮೇಲೆ ಬಿಳಿ ಬಟ್ಟೆ ಹಾಸಿ ಕೆಲಸ ಶುರುವಾಯಿತು. ಮೊದಲು ಎಣಿಕೆ. ಓಲೆಯ ಎಡ ಅಂಚಿನಲ್ಲಿ ತುಳು ಲಿಪಿಯ ಅಂಕೆ ಇತ್ತು. ಒಂದರಿಂದ ಅರುವತ್ತೊಂದರವರೆಗೆ, ನಡುವೆ ಒಂದೂ ತಪ್ಪಿರಲಿಲ್ಲ. ಪ್ರತಿ ಓಲೆಯನ್ನೂ ಅಳತೆಪಟ್ಟಿಯ ಪಕ್ಕದಲ್ಲಿಟ್ಟು, ಒಳ ಹೊರ ಎರಡೂ ಬದಿ ಫೋಟೋ ತೆಗೆಯಬೇಕು. ಆಮೇಲೆ ಧೂಳು. ಮೃದುವಾದ ಕುಂಚದಿಂದ, ದಾರ ಪೋಣಿಸುವ ತೂತಿನಿಂದ ಅಂಚಿನ ಕಡೆಗೆ ಮಾತ್ರ ಒರೆಸಬೇಕು. ನಾನು ಮೊದಲ ದಿನ ಗೋಡೆಗಡಿಯಾರ ಒರೆಸುವ ಹಾಗೆ ಹಿಂದೆ ಮುಂದೆ ಒರೆಸಿದೆ. ಅವಳು ನನ್ನ ಮಣಿಕಟ್ಟನ್ನು ಹಿಡಿದು ನಿಲ್ಲಿಸಿದಳು. “ನಡುವಿನಿಂದ ಅಂಚಿಗೆ, ಇಬು. ಅಂಚಿನಿಂದ ನಡುವಿಗೆ ತಂದರೆ ಧೂಳು ತೂತಿನೊಳಗೆ ಕೂರುತ್ತದೆ, ಓಲೆ ಅಲ್ಲಿಂದಲೇ ಸೀಳುತ್ತದೆ.”

ಧೂಳಾದ ಮೇಲೆ ಸ್ಪಿರಿಟಿಗೆ ನೀರು ಬೆರೆಸಿ, ಹತ್ತಿಯ ತುದಿಯಿಂದ ಮೊದಲು ಒಂದು ಮೂಲೆಯಲ್ಲಿ ಪರೀಕ್ಷೆ. ಮೂಲೆ ತಡೆದರೆ ಪೂರ್ತಿ ಓಲೆ. ಒಣಗಿದ ಮೇಲೆ ನಿಂಬೆಹುಲ್ಲಿನ ಎಣ್ಣೆ. ಕಡೆಗೆ ಕಪ್ಪು ಹಚ್ಚುವುದು. ಓಲೆಯ ಅಕ್ಷರಕ್ಕೆ ಶಾಯಿ ಇಲ್ಲ, ಕಂಟ ಎಂಬ ಕಬ್ಬಿಣದ ಲೇಖನಿಯಿಂದ ಕೊರೆದದ್ದು. ಕಪ್ಪು ತುಂಬಿದರೆ ಮಾತ್ರ ಕಣ್ಣಿಗೆ ಕಾಣುತ್ತದೆ. ಅವಳ ಊರಲ್ಲಿ ಯಾವುದೋ ಕಾಯಿ ಸುಟ್ಟ ಮಸಿ ಹಚ್ಚುತ್ತಾರಂತೆ. ಇಲ್ಲಿ ಅದೆಲ್ಲಿಂದ? “ಮಸಿ ತಾನೇ, ಅದಕ್ಕೆ ಯಾಕೆ ಚಿಂತೆ?” ಎಂದು ನಾನು ಹರಳೆಣ್ಣೆಯ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿಟ್ಟು, ಮಗಳು ಹುಟ್ಟಿದಾಗ ಮಾಡಿದ ಹಾಗೆಯೇ ಕಾಡಿಗೆ ಮಾಡಿದೆ. ಮೊದಲ ಓಲೆಗೆ ಅದನ್ನು ಬೆರಳಿನಿಂದ ಹಚ್ಚಿ ಬಟ್ಟೆಯಲ್ಲಿ ಒರೆಸಿದಾಗ, ಬರಿಯ ಕಂದು ಪಟ್ಟಿಯಂತಿದ್ದುದರ ಮೇಲೆ ಐದು ಸಾಲು ಅಕ್ಷರ ಎದ್ದು ಬಂತು. ಸಂಜೆ ಇವರು ಬಂದು ನನ್ನ ಕೈ ನೋಡಿ, “ಗ್ರಂಥ ಶುದ್ಧ ಆಯ್ತೋ ಇಲ್ವೋ, ನೀನಂತೂ ಬಾಣಲೆಯ ಅಡಿ ಆಗಿದ್ದಿ!” ಎಂದರು. ಅಂಥ ಖುಷಿ ನನಗೆ ಬಹಳ ದಿನದಿಂದ ಆಗಿರಲಿಲ್ಲ.

ವಾರಕ್ಕೊಮ್ಮೆ ಮೇಡಂ ಬಂದು ಕಪ್ಪು ಹಚ್ಚಿದ ಓಲೆಗಳನ್ನು ಓದುತ್ತಿದ್ದರು. ತುಳು ಲಿಪಿ, ಭಾಷೆ ಕನ್ನಡ. ನಾವು ಇಷ್ಟು ವರ್ಷ ಮಂತ್ರವೆಂದು ತಿಳಿದು ಊದುಬತ್ತಿ ಬೆಳಗಿದ್ದು ಮನೆಮದ್ದಿನ ಗ್ರಂಥ. ದನದ ಕೆಚ್ಚಲು ಬಾವಿಗೆ, ಮಕ್ಕಳ ಕೆಮ್ಮಿಗೆ, ಹಾವು ಕಚ್ಚಿದ್ದಕ್ಕೆ. ಮೂರನೆಯ ವಾರ ಅವರು ಅರುವತ್ತೊಂದನೆಯ ಓಲೆಯನ್ನು ಓದಿದರು. ಬಾಣಂತಿಗೆ ಏಳನೆಯ ದಿನದ ಕಷಾಯ. ಮೆಣಸು ಏಳು, ಒಣಶುಂಠಿ ಬೆರಳುದ್ದ... ಅಲ್ಲಿಗೆ ಓಲೆ ಮುಗಿಯಿತು. ಮಾತು ಮುಗಿದಿರಲಿಲ್ಲ.

“ಇದರ ನಂತರದ್ದು ಇನ್ನೂ ಉಂಟು ಅಕ್ಕ,” ಎಂದರು ಮೇಡಂ. “ಬಾಣಂತಿ ಮದ್ದು ಈಗಷ್ಟೇ ಶುರುವಾದದ್ದು. ಬರೆದವರ ಹೆಸರು ಕೊನೆಯ ಓಲೆಯಲ್ಲಿ ಇರ್ತದೆ. ಅದಿಲ್ಲದಿದ್ದರೆ ಪಟ್ಟಿಯಲ್ಲಿ ‘ಅಪೂರ್ಣ, ಕರ್ತೃ ತಿಳಿಯದು’ ಅಂತ ಬರೆಯಬೇಕು.”

ಹುಡುಗಿ ನನ್ನ ಮುಖ ನೋಡಿದಳು. “ಇಬು, ಇನ್ನೊಂದು ಕಟ್ಟು ಇತ್ತಾ?”

ಆಗ ನೆನಪಾಯಿತು. ಎಲ್ಲವೂ ಒಟ್ಟಿಗೇ ನೆನಪಾಯಿತು.

ಅತ್ತೆ ತೀರಿಕೊಂಡ ವರ್ಷದ ಮಹಾಲಯ ಅಮಾವಾಸ್ಯೆ. ಹಿಂದಿನ ದಿನ ಪೆಟ್ಟಿಗೆ ತೆಗೆದಾಗ ಎರಡನೆಯ ಕಟ್ಟಿಗೆ ಗೆದ್ದಲು ತಾಗಿತ್ತು. ಓಲೆಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯ ಹಾಗೆ ಗಟ್ಟಿಯಾಗಿದ್ದವು. ಭಿನ್ನವಾದ ವಿಗ್ರಹ, ಹರಿದ ದೇವರ ಪಟ, ಓದಲಾಗದ ಗ್ರಂಥ ಮನೆಯಲ್ಲಿ ಇರಬಾರದು, ಕಾಲು ತಾಗುವಲ್ಲಿ ಎಸೆಯಲೂಬಾರದು, ನೀರಿಗೆ ಬಿಡಬೇಕು. ನನ್ನ ಅಮ್ಮ ಹಾಗೆಯೇ ಮಾಡುತ್ತಿದ್ದಳು. ಮೇಲಿನ ಕೆಳಗಿನ ಮರದ ಹಲಗೆಗಳನ್ನು ಬಿಚ್ಚಿಟ್ಟುಕೊಂಡೆ, ಒಳ್ಳೆಯ ಮರ, ಸುಮ್ಮನೆ ಯಾಕೆ ಹಾಳು ಎಂದು. ಓಲೆಯ ಗಂಟನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ತುಳಸಿ ಇಟ್ಟು, ಮರುದಿನ ಸಮುದ್ರಸ್ನಾನಕ್ಕೆ ಕಾಪುವಿಗೆ ಹೋದಾಗ ದೀಪಸ್ತಂಭದ ಬಂಡೆಯಿಂದ ಸ್ವಲ್ಪ ದೂರದಲ್ಲಿ ನೀರಿಗೆ ಬಿಟ್ಟೆ. ತೆರೆ ಅದನ್ನು ತಂದು ನನ್ನ ಕಾಲಬುಡದಲ್ಲಿ ಇಟ್ಟಿತು. ಮತ್ತೆ ಬಿಟ್ಟೆ. ಮತ್ತೆ ತಂದಿತು. ಮೂರನೆಯ ಸಲ ಸೊಂಟದವರೆಗೆ ನೀರಿಗೆ ಇಳಿದು ಬಲವಾಗಿ ಎಸೆದೆ. ಆಮೇಲೆ ಕಾಣಲಿಲ್ಲ. ಕೈಮುಗಿದು ಬಂದೆ.

ಇದನ್ನು ಹೇಳಲು ಬಾಯಿ ತೆರೆದೆ. ಮೇಡಂ ಕನ್ನಡಕ ತೆಗೆದು ನನ್ನನ್ನೇ ನೋಡುತ್ತಿದ್ದರು. “ಪಾಲಾಗುವಾಗ ಬೆಳ್ಮಣ್ಣಿನಲ್ಲಿರುವ ಇವರ ತಮ್ಮನಲ್ಲಿಗೋ ಕಾರ್ಕಳದ ದೊಡ್ಡತ್ತೆಯಲ್ಲಿಗೋ ಹೋಗಿರಬೇಕು” ಎಂದುಬಿಟ್ಟೆ. ಹಾಗೆ ಹೇಳಿದರೆ ಅಲ್ಲಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ.

ಹುಡುಗಿಯ ಪುಸ್ತಕದಲ್ಲಿ ಅದು ಆಗಲೇ ದಾಖಲಾಗಿತ್ತು. ಬೆಳ್ಮಣ್, ಕಾರ್ಕಳ. ಕೆಳಗೆ ಎರಡು ಗೆರೆ.

ಅದರ ಮುಂದಿನ ವಾರ ನನಗೆ ತಕ್ಕ ಶಿಕ್ಷೆ ಸಿಕ್ಕಿತು. ಮೊದಲ ಕಟ್ಟಿನಲ್ಲಿಯೂ ಮೂವತ್ತರ ನಂತರದ ಒಂಬತ್ತು ಓಲೆಗಳು ಒಂದಕ್ಕೊಂದು ಅಂಟಿದ್ದವು. ಅವನ್ನು ಅವಳು ಅಂಚಿನಿಂದಲೇ ಎಣಿಸಿ ಲೆಕ್ಕಕ್ಕೆ ಸೇರಿಸಿ, ಕಡೆಗೆಂದು ಇಟ್ಟಿದ್ದಳು. ಎಳೆದರೆ ಮುರಿಯುತ್ತದೆ, ನೀರು ತಾಗಿದರೆ ಕೊಳೆಯುತ್ತದೆ, ತೇವದ ಗಾಳಿ ಮಾತ್ರ ತಾಗಬೇಕು ಎಂದಳು. “ಕೆಸುವಿನೆಲೆಯ ಪತ್ರೊಡೆಗೆ ಹಬೆ ಕೊಟ್ಟ ಹಾಗೆ, ಅಲ್ವಾ?” ಎಂದು ನಾನೇ ಇಡ್ಲಿಪಾತ್ರೆಯ ಹೊಸ ತೂತಿನ ತಟ್ಟೆಯನ್ನು ತಂದುಕೊಟ್ಟೆ. ಅಗಲವಾದ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ನೀರು ಹೀರಿದ ದಪ್ಪ ಕಾಗದ, ಅದರ ಮೇಲೆ ತಟ್ಟೆ, ತಟ್ಟೆಯ ಮೇಲೆ ಓಲೆಯ ಗಂಟು. ಬೂಸಲು ಬರದ ಹಾಗೆ ದಿನಕ್ಕೆ ನಾಲ್ಕು ಸಲ ಮುಚ್ಚಳ ತೆರೆದು ನೋಡಬೇಕು. ಎರಡು ದಿನ ಕಾದ ಮೇಲೆ ಅವಳು ತೆಳ್ಳಗೆ ಸೀಳಿದ ಬಿದಿರಕಡ್ಡಿಯನ್ನು ಮೊದಲ ಎರಡು ಓಲೆಗಳ ನಡುವೆ ತೂರಿಸಿದಳು. ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟು, ಇನ್ನೊಂದು ಕೂದಲೆಳೆಯಷ್ಟು. ಓಲೆ ಬಿಟ್ಟುಕೊಂಡಿತು. ಮಧ್ಯಾಹ್ನದೊಳಗೆ ಒಂಬತ್ತೂ ಬೇರೆ ಬೇರೆ ಬಟ್ಟೆಯ ಮೇಲೆ ಮಲಗಿದ್ದವು. ಒಂದು ಅಕ್ಷರವೂ ಹೋಗಿರಲಿಲ್ಲ.

“ನೋಡಿ ಇಬು, ಇವು ಸತ್ತಿರಲಿಲ್ಲ!” ಎಂದು ಅವಳು ಕೈತಟ್ಟಿದಳು.

ನಾನು ಒಳಗೆ ಹೋಗಿ ಒಲೆಯ ಮುಂದೆ ನಿಂತೆ. ಒಲೆಯ ಮೇಲೆ ಏನೂ ಇರಲಿಲ್ಲ.

ಜೂನಿನ ಒಂದು ಶನಿವಾರ ಎರಡನೆಯ ಕಟ್ಟನ್ನು ಹುಡುಕಿಕೊಂಡು ಇಬ್ಬರೂ ಬೆಳ್ಮಣ್ಣಿಗೆ ಹೊರಟೆವು. ಕಾಪು, ಪಡುಬಿದ್ರೆ ಆಗಿ ಹೋಗುವ ಬಸ್ಸು. ಕಾಪು ಪೇಟೆಯಲ್ಲಿ ಬಸ್ಸು ನಿಂತಾಗ ಅವಳು, “ದೀಪಸ್ತಂಭ ಇಲ್ಲೇ ಅಲ್ವಾ? ಬರುವಾಗ ನೋಡುವ” ಎಂದಳು. “ಮಳೆಗಾಲದಲ್ಲಿ ಕಡಲ ಹತ್ತಿರ ಹೋಗಬಾರದು” ಎಂದೆ. ಅದು ಸುಳ್ಳಲ್ಲ. ಸುಳ್ಳಲ್ಲದ ಮಾತನ್ನೂ ಸುಳ್ಳಿಗೆ ಬಳಸಬಹುದು ಎಂದು ಅಂದು ತಿಳಿಯಿತು.

ಬೆಳ್ಮಣ್ಣಿನಲ್ಲಿ ಮೈದುನ ಅಟ್ಟಕ್ಕೆ ಏಣಿ ಇಟ್ಟುಕೊಟ್ಟ. ತನಗೆ ಗೊತ್ತಿಲ್ಲ, ಬೇಕಾದರೆ ಹುಡುಕಿ ಎಂದ. ಅವಳು ಮೂಗಿಗೆ ಬಟ್ಟೆ ಕಟ್ಟಿ ಮೂರು ಗಂಟೆ ಹುಡುಕಿದಳು. ಭತ್ತ ಅಳೆಯುವ ಹಳೆಯ ಕಳಸಿಗೆ, ಒಡೆದ ತೊಟ್ಟಿಲು, ಪಂಚಾಂಗದ ಕಟ್ಟುಗಳು. ಪ್ರತಿಯೊಂದನ್ನೂ ಬಿಚ್ಚಿ ನೋಡಿ ಇದ್ದ ಹಾಗೆಯೇ ಕಟ್ಟಿಟ್ಟಳು. ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ. ಇಳಿದು ಬರುವಾಗ ಧೂಳಿಗೆ ಅವಳ ಎರಡೂ ಕಣ್ಣು ಬಾತು ಸಣ್ಣ ಗೆರೆಯಾಗಿದ್ದವು. ಮೈದುನ ಹೊರಗೆ ಬಂದು ಮೆಲ್ಲಗೆ, “ಅತ್ತಿಗೆ, ಪಾಪ ಅದು ಯಾರ ಮನೆಯ ಮಗುವೋ. ಇಲ್ಲದ್ದಕ್ಕೆ ಯಾಕೆ ಹತ್ತಿಸಿದಿರಿ?” ಎಂದ. ಅವನಿಗೆ ಏನೂ ಗೊತ್ತಿರಲಿಲ್ಲ, ಸುಮ್ಮನೆ ಕೇಳಿದ್ದು. ಕಾರ್ಕಳದ ಬಸ್ಸಿಗೆ ಹೊತ್ತಾಯಿತು ಎಂದೆ.

ಕಾರ್ಕಳದಲ್ಲಿ ದೊಡ್ಡತ್ತೆ ಮಗಳ ಮನೆಯ ಜಗಲಿಯಲ್ಲಿ ಕೂತಿದ್ದರು. ಅತ್ತೆಯ ಅಕ್ಕ. ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಹುಡುಗಿಯ ಗಲ್ಲ ಹಿಡಿದು, “ಇದೆಂತ ಮಗಾ, ಕಣ್ಣಿಗೆ ಜೇನು ಕಚ್ಚಿತಾ?” ಎಂದು ತುಳುವಿನಲ್ಲಿ ಕೇಳಿದರು. ನಾನು ಬಂದ ಕಾರಣ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಎರಡೂ ಕಟ್ಟು ನಿನ್ನ ಅತ್ತೆಯೇ ತೆಗೆದುಕೊಂಡು ಹೋದದ್ದು. ನನ್ನ ಕಣ್ಣೆದುರು ಪೆಟ್ಟಿಗೆಗೆ ಹಾಕಿದ್ದು. ಅದನ್ನು ಇಲ್ಲಿ ಬಂದು ನನ್ನ ಹತ್ತಿರ ಕೇಳ್ತೀಯಲ್ಲ ಮಾರಾಯ್ತಿ, ನೀನೆಂತ ಮಾಡಿದ್ದಿ ಅದನ್ನು?”

“ದೊಡ್ಡತ್ತೆ ಏನು ಹೇಳಿದ್ರು?” ಹುಡುಗಿ ಪೆನ್ನು ಹಿಡಿದು ಕೇಳಿದಳು.

“ಅವರಿಗೆ ಸರಿಯಾಗಿ ನೆನಪಿಲ್ಲವಂತೆ. ಬೆಳ್ಮಣ್ಣಿನ ಸುತ್ತಮುತ್ತ ಬೇರೆ ಮನೆಗಳಲ್ಲಿ ಕೇಳಿ ಅಂತಾರೆ” ಎಂದೆ.

ದೊಡ್ಡತ್ತೆಗೆ ಇಂಗ್ಲಿಷ್ ಬಾರದು. ಆದರೂ ಅವರ ಕಣ್ಣು ನನ್ನ ಮುಖ ಬಿಟ್ಟು ಕದಲಲಿಲ್ಲ. ಹುಡುಗಿಗೆ ತುಳು ಬಾರದು. ಅವಳಿಗೆ ತುಳು ಬಾರದಿದ್ದುದನ್ನು ನಾನು ಆ ಕ್ಷಣದಲ್ಲಿ ದೇವರ ದಯೆಗಳ ಲೆಕ್ಕಕ್ಕೆ ಸೇರಿಸಿಕೊಂಡೆ. ದಿನವೂ ದೀಪ ಹಚ್ಚುವಾಗ ಆ ದಿನದ ಸಣ್ಣ ಸಣ್ಣ ದಯೆಗಳನ್ನು ಬೆರಳು ಮಡಚಿ ಎಣಿಸುವುದು ನನ್ನ ಅಭ್ಯಾಸ. ಅಂದು ಸಂಜೆ ಆ ಬೆರಳು ಮಡಚಲು ಆಗಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿತ್ತು, ಮಳೆ ನಿಂತಿತ್ತು, ಹುಡುಗಿ ದಾರಿಯುದ್ದಕ್ಕೂ ನನ್ನ ಹೆಗಲಿಗೆ ತಲೆ ಇಟ್ಟು ನಿದ್ದೆ ಮಾಡಿದ್ದಳು. ಒಂದನ್ನೂ ಎಣಿಸಲಾಗಲಿಲ್ಲ.

ಸೋಮವಾರ ಅವಳು ಪಡಸಾಲೆಯಲ್ಲಿ ಕೂತು ಮೇಡಂಗೆ ಫೋನ್ ಮಾಡಿದಳು. ಕೈಯಲ್ಲಿ ಎಣ್ಣೆ ಇದ್ದುದರಿಂದ ಸ್ಪೀಕರಿಗೆ ಹಾಕಿದ್ದಳು. ನಾನು ಬಾಗಿಲ ಬಳಿ ಬತ್ತಿ ಹೊಸೆಯುತ್ತಿದ್ದೆ.

“ಇದ್ದ ಅರುವತ್ತೊಂದು ಓಲೆಯ ವರದಿ ಬರೆದು ಮುಗಿಸು,” ಎಂದರು ಮೇಡಂ. “ಇನ್ನು ಉಳಿದದ್ದು ಹತ್ತು ದಿನ. ಇಲ್ಲದ್ದರ ಹಿಂದೆ ಹೋಗಬೇಡ.”

“ಇಲ್ಲದ್ದಲ್ಲ ಮೇಡಂ. ಬೆಳ್ಮಣ್ಣಿನ ಹತ್ತಿರ ಎಲ್ಲೋ ಇದೆ ಅಂತ ಇಬು ಹೇಳಿದ್ದಾರೆ. ನಾನು ಟಿಕೆಟ್ ಮೂರು ವಾರ ಮುಂದೆ ಹಾಕ್ತೇನೆ.”

“ನಿಮ್ಮ ಮನೆದೇವರ ಉತ್ಸವ ಉಂಟು ಅಂತಿದ್ದಿಯಲ್ಲ?”

“ಅಮ್ಮನಿಗೆ ಹೇಳಿದೆ. ಈ ಸಲ ನಾನಿಲ್ಲದೆ ಆಗಲಿ ಅಂತ.”

ಆ ಉತ್ಸವದ ವಿಷಯ ನನಗೆ ಗೊತ್ತಿತ್ತು. ಅವರ ಲೆಕ್ಕದಲ್ಲಿ ಇನ್ನೂರ ಹತ್ತು ದಿನಕ್ಕೊಮ್ಮೆ ಬರುವುದು. ಮನೆಯ ಗುಡಿಗೆ ಹಣ್ಣು ಹೂವುಗಳ ನೈವೇದ್ಯವನ್ನು ಗೋಪುರದ ಹಾಗೆ ಕಟ್ಟಿ ತಲೆಯ ಮೇಲೆ ಹೊತ್ತು ಹೋಗುವುದು. ಹನ್ನೆರಡನೆಯ ವಯಸ್ಸಿನಿಂದ ಒಂದೂ ತಪ್ಪಿಸಿಲ್ಲ ಎಂದು ಅವಳು ಫೋಟೋ ತೋರಿಸಿದ್ದಳು. ನನ್ನ ಮರ್ಯಾದೆ ಉಳಿಯಲಿ ಎಂದು ಆಡಿದ ಒಂದು ಮಾತಿಗೆ, ಇನ್ನೊಂದು ಮನೆಯ ದೇವರ ಮುಂದಿನ ಸೇವೆ ತಪ್ಪುವುದೆ? ಕೈಯಲ್ಲಿದ್ದ ಬತ್ತಿ ದೇವರದು, ಹೊಸೆಯುತ್ತಿದ್ದ ಬೆರಳು ಯಾರದು ಎಂದು ನನಗೇ ಹೇಸಿಗೆಯಾಯಿತು.

ಎದ್ದೆ. ಹೇಳಬೇಕಾದ ಮಾತನ್ನು ಇಂಗ್ಲಿಷಿನಲ್ಲಿ ಹುಡುಕಿದೆ, ಸಿಗಲಿಲ್ಲ. ವಿಸರ್ಜನೆ ಎಂಬುದಕ್ಕೆ ನನ್ನ ಬಳಿ ಶಬ್ದವಿಲ್ಲ. ದೇವರ ಕೋಣೆಗೆ ಹೋಗಿ, ದೀಪದ ಕಂಬದ ಅಡಿಯಲ್ಲಿ ಇಷ್ಟು ವರ್ಷ ಮಣೆಯ ಹಾಗೆ ಇಟ್ಟುಕೊಂಡಿದ್ದ ಎರಡು ಹಲಗೆಗಳನ್ನು ಎಳೆದು ತೆಗೆದೆ. ಎಣ್ಣೆ ಕುಡಿದು ಕಪ್ಪಾಗಿದ್ದವು. ಸೆರಗಿನಿಂದ ಒರೆಸಿ, ಅವಳ ಮುಂದೆ ಬಿಳಿ ಬಟ್ಟೆಯ ಮೇಲೆ ಇಟ್ಟೆ.

ಅವಳು ಫೋನ್ ಇಟ್ಟಳು. ಒಂದು ಹಲಗೆಯನ್ನು ಎತ್ತಿ ಮೊದಲ ಕಟ್ಟಿನ ಹಲಗೆಯ ಮೇಲೆ ಇಟ್ಟು ನೋಡಿದಳು. ಉದ್ದ ಸರಿಹೋಯಿತು. ಎರಡು ತೂತುಗಳೂ ಒಂದರ ಮೇಲೊಂದು ಸರಿಯಾಗಿ ಕೂತವು. ತೂತಿನಿಂದ ಬೆಳಕು ಅವಳ ಅಂಗೈ ಮೇಲೆ ಬಿತ್ತು.

“ಓಲೆ ಎಲ್ಲಿ?” ಎಂದಳು.

“ಕಡಲಿನಲ್ಲಿ. ಕಾಪು. ನಾನು ಹಾಕಿದ್ದು.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನಾನು ಎರಡು ಕೈಯಲ್ಲಿ ಗಂಟು ಹಿಡಿದ ಹಾಗೆ ಮಾಡಿ, ಬಿಟ್ಟು, ಕೈಮುಗಿದು ತೋರಿಸಿದೆ. ದೊಡ್ಡತ್ತೆ ನಿಜಕ್ಕೂ ಏನು ಹೇಳಿದ್ದು ಎಂಬುದನ್ನೂ ಹೇಳಿದೆ. ಅದನ್ನು ಕೇಳುವಾಗ ಅವಳ ಮುಖ ಬದಲಾಯಿತು. ಕಡಲಿಗಿಂತ ಅದು ಅವಳಿಗೆ ಹೆಚ್ಚು ತಾಗಿತು ಎಂದು ನನಗೆ ಕಂಡಿತು.

“ನಾನು ಅಟ್ಟಕ್ಕೆ ಹತ್ತಿದಾಗ ನೀವು ಏಣಿ ಹಿಡಿದುಕೊಂಡಿದ್ದಿರಿ” ಎಂದಳು. ಇಬು ಎನ್ನಲಿಲ್ಲ.

“ಹೌದು” ಎಂದೆ.

“ಟಿಕೆಟ್ ಬದಲಿಸಬೇಡ ಮಗಾ” ಎಂದೂ ಹೇಳಿದೆ. ಅವಳು ಕುಂಚಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿದಳು. ಕಾಫಿ ತಂದಿಟ್ಟೆ, ಕುಡಿಯಲಿಲ್ಲ. ಚಪ್ಪಲಿ ಮೆಟ್ಟಿ ಹೊರಟುಹೋದಳು.

ಸಂಜೆ ಇವರಿಗೆ ನಡೆದದ್ದನ್ನು ಹೇಳಿದೆ. ಹಳೆಯ ಚೂರುಗಳನ್ನು ನೀರಿಗೆ ಬಿಟ್ಟೆ ಎಂದಷ್ಟೇ ಆ ಮಹಾಲಯದ ದಿನ ಅವರಿಗೆ ಹೇಳಿದ್ದೆ. ತಮಾಷೆ ಮಾಡುತ್ತಾರೆ ಎಂದು ಕಾದೆ. ಮಾಡಲಿಲ್ಲ. “ನೀನು ನನ್ನ ಹತ್ತಿರ ಒಂದು ಮಾತು ಕೇಳಬಹುದಿತ್ತು” ಎಂದರು. ಕೇಳಿದ್ದರೆ ಅವರೂ ನೀರಿಗೆ ಬಿಡು ಎನ್ನುತ್ತಿದ್ದರು, ಅದು ಇಬ್ಬರಿಗೂ ಗೊತ್ತು. ಆದರೂ ಕೇಳಿರಲಿಲ್ಲವಲ್ಲ.

ಎರಡು ದಿನ ಅವಳು ಬರಲಿಲ್ಲ. ಮೂರನೆಯ ದಿನ ಮೇಡಂ ಜೊತೆ ಬಂದಳು. ಮಿಂದು ಬಂದು ಮೇಜಿನ ಮುಂದೆ ಕೂತು, ಒಂದು ಫಾರಂ ತೆಗೆದಳು. ಗ್ರಂಥ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಬರೆಯುವ ಹಾಳೆಯಂತೆ ಅದು. ನನ್ನನ್ನು ಎದುರು ಕೂರಿಸಿ ಒಂದೊಂದೇ ಕೇಳಿದಳು. ಗಂಟು ಎಷ್ಟು ದಪ್ಪ, ಕೈಯಲ್ಲಿ ತೋರಿಸಿ. ಗೆದ್ದಲು ಯಾವ ಬದಿಗೆ. ಬಟ್ಟೆ ಯಾವುದು. ಅಳತೆಪಟ್ಟಿಯನ್ನು ನನ್ನ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಬರೆದುಕೊಂಡಳು.

“ನೀರಿನಲ್ಲಿ ತೇಲಿತಾ, ಮುಳುಗಿತಾ?”

“ತೆರೆ ಎರಡು ಸಲ ವಾಪಸು ತಂದಿತ್ತು. ಮೂರನೆಯ ಸಲ ದೂರ ಎಸೆದೆ.”

ಅವಳು ಪೆನ್ನು ಕೆಳಗಿ​ಟ್ಟಳು. ತೆರೆ ವಾಪಸು ತಂದದ್ದನ್ನು ನಾನು ಇವರಿಗೂ ಹೇಳಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಪೆನ್ನು ಎತ್ತಿ ಅದನ್ನೂ ಬರೆದಳು.

“ನಿಮ್ಮೊಬ್ಬರದ್ದಲ್ಲ ಅಕ್ಕ,” ಎಂದರು ಮೇಡಂ. “ಎಷ್ಟೋ ಮನೆಗಳಲ್ಲಿ ಹೀಗೇ ಆಗಿದೆ. ಯಾರೂ ಹೇಳುವುದಿಲ್ಲ ಅಷ್ಟೇ.” ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ನೂರು ಮನೆಯಲ್ಲಿ ಆದರೂ ಆ ಗಂಟನ್ನು ಎಸೆದ ಕೈ ಇದೇ.

ಆಮೇಲೆ ಮೇಡಂ ಅರುವತ್ತೊಂದನೆಯ ಓಲೆಯ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದರು, ನನ್ನ ಅತ್ತೆ ಇದನ್ನು ಬಾಯಲ್ಲಿ ಹೇಳಿದ್ದುಂಟೆ ಎಂದು ಕೇಳಿದರು. ಮಗಳು ಹುಟ್ಟಿದ ಏಳನೆಯ ದಿನ ಆ ಕಷಾಯ ಕುಡಿದವಳು ನಾನು. ಕಣ್ಣು ಮುಚ್ಚಿ ನೆನೆಸಿಕೊಂಡೆ. ಮೆಣಸು ಏಳು, ಒಣಶುಂಠಿ ಬೆರಳುದ್ದ, ಜೀರಿಗೆ ಹಿಡಿಯಷ್ಟು, ಓಮ ಅದರ ಅರ್ಧ, ಹಳೆಯ ಬೆಲ್ಲ. ಅತ್ತೆ ಒಲೆಯ ಮುಂದೆ ಇದನ್ನು ರಾಗವಾಗಿ ಹೇಳಿಕೊಂಡೇ ಹುರಿಯುತ್ತಿದ್ದರು. ಬೆಲ್ಲದ ನಂತರ ಇನ್ನೂ ಒಂದಿತ್ತು. ಕಹಿಯಾದದ್ದು. ಅದರ ಹೆಸರು ಎಷ್ಟು ನೆನೆದರೂ ಬರಲಿಲ್ಲ. ನಾಲಿಗೆಗೆ ಕಹಿ ಮಾತ್ರ ಬಂತು. ಹುಡುಗಿ ಅಷ್ಟನ್ನು ಬೇರೆ ಹಾಳೆಯಲ್ಲಿ ಬರೆದು, ಮೇಲೆ ‘ಕೇಳಿ ತಿಳಿದದ್ದು, ಅಪೂರ್ಣ’ ಎಂದು ಹಾಕಿಸಿದಳು. ಎರಡೂ ಹಾಳೆಯ ಕೆಳಗೆ ನಾನು ರುಜು ಮಾಡಿದೆ.

ಇನ್ನೊಂದು ಮಾತನ್ನು ಯಾರೂ ಎತ್ತಲಿಲ್ಲ, ನಾನೇ ಎತ್ತಿದೆ. ಈ ಕಟ್ಟನ್ನೂ ಹಲಗೆಗಳನ್ನೂ ಮಣಿಪಾಲಕ್ಕೆ ತೆಗೆದುಕೊಂಡು ಹೋಗಿ ಎಂದೆ. ತೇವ, ಗೆದ್ದಲು ಎರಡೂ ತಾಗದ ಕಪಾಟು ಅಲ್ಲಿದೆಯಂತೆ. “ಅತ್ತೆಯವರ ಮಾತು ಉಂಟಲ್ಲ ಅಕ್ಕ?” ಎಂದರು ಮೇಡಂ. ಅತ್ತೆಯ ಹತ್ತಿರ ನಾನು ಬೇರೆಯಾಗಿ ಮಾತಾಡಿಕೊಳ್ಳುತ್ತೇನೆ ಎಂದೆ. ಪೆಟ್ಟಿಗೆಯನ್ನು ನಾನೇ ಎತ್ತಿಕೊಂಡು ಹೊಸ್ತಿಲು ದಾಟಿಸಿ, ಕಾರಿನ ಹಿಂದಿನ ಸೀಟಿನ ಮೇಲೆ ಇಟ್ಟೆ. ಮಳೆ ಹನಿಯುತ್ತಿತ್ತು. ಹುಡುಗಿ ಅದರ ಮೇಲೆ ತನ್ನ ಕೊಡೆಯನ್ನು ಹಿಡಿದಿದ್ದಳು, ನನ್ನ ಮೇಲಲ್ಲ. ಅದು ಸರಿಯೇ.

ಕಾರು ಹತ್ತುವ ಮೊದಲು ಕಾಡಿಗೆಯ ತಾಮ್ರದ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. “ಟಿಕೆಟ್ ಬದಲಿಸಲಿಲ್ಲ” ಎಂದಳು. ಅಷ್ಟೇ. ಇಬು ಎನ್ನಲಿಲ್ಲ. ಒಂದು ಬೆರಳು ಮಡಚಿದೆ.

ಒಳಗೆ ಬಂದಾಗ ದೇವರ ಕೋಣೆಯಲ್ಲಿ ಪೆಟ್ಟಿಗೆಯ ಜಾಗದಲ್ಲಿ ಚೌಕಾಕಾರದ ಧೂಳಿಲ್ಲದ ನೆಲ ಕಾಣುತ್ತಿತ್ತು. ದೀಪದ ಕಂಬ ಹಲಗೆ ಇಲ್ಲದೆ ತಗ್ಗಾಗಿತ್ತು. ಅಡುಗೆಮನೆಯಲ್ಲಿ ಬೆಳಿಗ್ಗೆ ಕೊಯ್ದಿಟ್ಟ ಕೆಸುವಿನ ಎಲೆಗಳು ಬಾಡತೊಡಗಿದ್ದವು, ಪತ್ರೊಡೆಗೆ ನೆನೆಹಾಕಿದ ಅಕ್ಕಿ ಉಬ್ಬಿ ನಿಂತಿತ್ತು. ತಟ್ಟೆ ಕೆಳಗಿಟ್ಟು, ಕೈ ತೊಳೆದು, ಒಂದು ಎಲೆಯನ್ನು ಕವುಚಿ ಹಾಸಿ ಒದ್ದೆ ಬಟ್ಟೆಯಿಂದ ಒರೆಸಿದೆ. ನಡುವಿನಿಂದ ಅಂಚಿಗೆ. ಆಮೇಲೆ ಇನ್ನೊಂದು ಎಲೆಯನ್ನು ಎತ್ತಿಕೊಂಡೆ.